ಜನರ ಖರ್ಚು ನಿಜಕ್ಕೂ ಹೆಚ್ಚಿದೆಯೇ? ತ್ರೈಮಾಸಿಕ ಬಳಕೆ ವೆಚ್ಚದ ಅಂಕಿಯನ್ನು ನೀವೇ ಓದುವ ಬಗೆ

2025ರ ನವೆಂಬರ್ ಕೊನೆಯಲ್ಲಿ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಜಿಡಿಪಿ ಪ್ರಕಟವಾದಾಗ ಶೇ 8.2ರ ಬೆಳವಣಿಗೆ ಮುಖಪುಟಗಳನ್ನು ತುಂಬಿತು. ಅದೇ ಪ್ರಕಟಣೆಯ ಒಳಗಿನ ಕೋಷ್ಟಕದಲ್ಲಿ ಶೇ 7.9 ಎಂಬ ಇನ್ನೊಂದು ಸಂಖ್ಯೆ ಇತ್ತು. ಬೆಲೆ ಏರಿಕೆಯನ್ನು ಕಳೆದ ಮೇಲೆ ದೇಶದ ಕುಟುಂಬಗಳ ಖರ್ಚು ಒಂದು ವರ್ಷದಲ್ಲಿ ಎಷ್ಟು ಹೆಚ್ಚಿತು ಎಂದು ಹೇಳುವ ಸಂಖ್ಯೆ ಅದು. ಅಕ್ಕಿ, ಬೇಳೆ, ಮನೆ ಬಾಡಿಗೆ, ಬಸ್ ಟಿಕೆಟ್, ಆಸ್ಪತ್ರೆ ಬಿಲ್, ಮಕ್ಕಳ ಶಾಲಾ ಶುಲ್ಕ, ಮೊಬೈಲ್ ರೀಚಾರ್ಜ್ ಎಲ್ಲವೂ ಅದರೊಳಗಿವೆ. ದೇಶದ ಜಿಡಿಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಹೀಗಿದ್ದೂ ಜಿಡಿಪಿಯ ಬಗ್ಗೆ ಬಿರುಸಿನಿಂದ ವಾದಿಸುವವರಲ್ಲಿ ಬಹಳ ಮಂದಿ ಈ ಸಾಲನ್ನು ತೆರೆದು ನೋಡಿರುವುದಿಲ್ಲ. ನನಗೆ ಇದು ನೋವಿನ ಸಂಗತಿ. ನಮ್ಮ ಮನೆಗಳ ಲೆಕ್ಕವನ್ನು ನಾವೇ ಓದಲಾಗದಿದ್ದರೆ, ಓದಿ ಹೇಳುವವರು ತಮಗೆ ಬೇಕಾದಂತೆ ಹೇಳುತ್ತಾರೆ.

ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ಕ್ಯಾಲ್ಕುಲೇಟರ್ ಇರುವ ಮೊಬೈಲ್, ಅರ್ಧ ಗಂಟೆ ಬಿಡುವು ಸಾಕು. ಜೊತೆಗೆ ಒಂದು ಪಟ್ಟು ಬೇಕು: ಬೆಳವಣಿಗೆ ದರ ಕಣ್ಣಿಗೆ ಬಿದ್ದಾಗಲೆಲ್ಲ “ಯಾವುದಕ್ಕೆ ಹೋಲಿಸಿದರೆ?” ಎಂದು ಕೇಳದೆ ಮುಂದೆ ಹೋಗಬಾರದು.

ಮೊದಲು ಸರಿಯಾದ ಸಾಲನ್ನು ಹುಡುಕಿ

ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ ಅಡಿಯಲ್ಲಿರುವ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಈ ಅಂಕಿಯನ್ನು ಹೊರತರುತ್ತದೆ. ಏಪ್ರಿಲ್–ಜೂನ್ ತ್ರೈಮಾಸಿಕದ್ದು ಆಗಸ್ಟ್ ಕೊನೆಗೆ, ಜುಲೈ–ಸೆಪ್ಟೆಂಬರ್‌ನದು ನವೆಂಬರ್ ಕೊನೆಗೆ, ಹೀಗೆ ತ್ರೈಮಾಸಿಕ ಮುಗಿದು ಸುಮಾರು ಎರಡು ತಿಂಗಳಿಗೆ ಬರುತ್ತದೆ. ಸಚಿವಾಲಯದ ಜಾಲತಾಣದಲ್ಲಿ ಪ್ರಕಟಣೆಯ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಹಳೆಯ ವರ್ಷಗಳ ಅಂಕಿ ಬೇಕಾದರೆ 2024ರಲ್ಲಿ ಆರಂಭವಾದ ಇ-ಸಾಂಖ್ಯಿಕಿ ಪೋರ್ಟಲ್ ಇದೆ.

ಪಿಡಿಎಫ್‌ನ ಮೊದಲ ಪುಟಗಳ ವಿವರಣೆಯಲ್ಲಿ ನಿಲ್ಲಬೇಡಿ. ಕೊನೆಯ ಕೋಷ್ಟಕಗಳಿಗೆ ಹೋಗಿ, “ಪ್ರೈವೇಟ್ ಫೈನಲ್ ಕನ್ಸಂಪ್ಷನ್ ಎಕ್ಸ್‌ಪೆಂಡಿಚರ್” ಎಂಬ ಸಾಲನ್ನು ಹುಡುಕಿ. ಕನ್ನಡದಲ್ಲಿ ಇದನ್ನು ಖಾಸಗಿ ಅಂತಿಮ ಬಳಕೆ ವೆಚ್ಚ ಎನ್ನುತ್ತಾರೆ; ಪತ್ರಿಕೆಗಳಲ್ಲಿ ಪಿಎಫ್‌ಸಿಇ ಎಂದೂ ಬರುತ್ತದೆ. ಇದರ ಪಕ್ಕದಲ್ಲೇ ಇರುವ ಸರ್ಕಾರದ ಅಂತಿಮ ಬಳಕೆ ವೆಚ್ಚ ಬೇರೆ. ಎರಡನ್ನೂ ಕಲಸಬೇಡಿ. ಮೇಲೆ ಹೇಳಿದ ತ್ರೈಮಾಸಿಕದಲ್ಲಿ ಕುಟುಂಬಗಳ ಬಳಕೆ ಶೇ 7.9ರಷ್ಟು ಏರಿದ್ದರೆ ಸರ್ಕಾರದ ಬಳಕೆ ಶೇ 2.7ರಷ್ಟು ಇಳಿದಿತ್ತು.

ಈ ಸಾಲಿನೊಳಗೆ ಏನಿದೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ರೈತ ಮಾರದೆ ಮನೆಬಳಕೆಗೆ ಇಟ್ಟುಕೊಂಡ ಭತ್ತ, ರಾಗಿಯ ಬೆಲೆ ಇದರಲ್ಲಿ ಸೇರುತ್ತದೆ. ಸ್ವಂತ ಮನೆಯಲ್ಲಿರುವವರು ಬಾಡಿಗೆ ಕೊಡದಿದ್ದರೂ, ಕೊಡಬೇಕಾಗಿ ಬಂದಿದ್ದರೆ ಎಷ್ಟಾಗುತ್ತಿತ್ತು ಎಂದು ಅಂದಾಜು ಮಾಡಿ ಸೇರಿಸುತ್ತಾರೆ. ಮಠ, ದೇವಸ್ಥಾನ, ಸೇವಾ ಟ್ರಸ್ಟ್‌ಗಳಂಥ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಜನರಿಗಾಗಿ ಮಾಡುವ ಖರ್ಚೂ ಇಲ್ಲಿಯೇ ಬರುತ್ತದೆ. ಆದರೆ ಹೊಸ ಮನೆ ಕೊಂಡರೆ ಅದು ಬಳಕೆಯಲ್ಲ, ಹೂಡಿಕೆ. ಬೆಲೆಬಾಳುವ ವಸ್ತುಗಳಿಗೆ ಕೋಷ್ಟಕದಲ್ಲಿ ಬೇರೆಯದೇ ಸಾಲಿದೆ. ಇನ್ನು ಸರ್ಕಾರ ಕೊಡುವ ನಗದು ನೆರವು: ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನ ಅದು ಬಳಕೆ ವೆಚ್ಚವಾಗುವುದಿಲ್ಲ. ಆ ತಾಯಿ ಅದರಲ್ಲಿ ಎಣ್ಣೆ, ಪುಸ್ತಕ, ಔಷಧಿ ಕೊಂಡಾಗ ಆಗುತ್ತದೆ. ಉಳಿಸಿಟ್ಟರೆ ಆಗುವುದೇ ಇಲ್ಲ.

ಚಾಲ್ತಿ ಬೆಲೆಯೋ, ಸ್ಥಿರ ಬೆಲೆಯೋ?

ಪ್ರತಿ ಅಂಕಿಗೂ ಎರಡು ಕೋಷ್ಟಕಗಳಿರುತ್ತವೆ. ಚಾಲ್ತಿ ಬೆಲೆಯದ್ದು ಜನರು ಕೈಯಿಂದ ಕೊಟ್ಟ ರೂಪಾಯಿಗಳ ಲೆಕ್ಕ. ಸ್ಥಿರ ಬೆಲೆಯದ್ದು ಮೂಲವರ್ಷದ, ಎಂದರೆ ಹೋಲಿಕೆಗೆಂದು ಆರಿಸಿಕೊಂಡ ಒಂದು ಹಿಂದಿನ ವರ್ಷದ, ಬೆಲೆಯಲ್ಲಿ ಹೇಳಿದ ಲೆಕ್ಕ, ಅಂದರೆ ಎಷ್ಟು ಸರಕು, ಎಷ್ಟು ಸೇವೆ ಮನೆಗೆ ಬಂತು ಎಂಬುದು. ಹಣದುಬ್ಬರ ಕಳೆದ ಬೆಳವಣಿಗೆ ಬೇಕಿದ್ದರೆ ಎರಡನೆಯದನ್ನೇ ನೋಡಬೇಕು.

ಲೆಕ್ಕ ಹೀಗೆ. ಒಂದು ಮನೆಯ ಖರ್ಚು ರೂಪಾಯಿಯಲ್ಲಿ ಶೇ 10 ಹೆಚ್ಚಿತು, ಬೆಲೆಗಳು ಶೇ 4 ಹೆಚ್ಚಿದವು ಎಂದುಕೊಳ್ಳಿ. 1.10 ಅನ್ನು 1.04ರಿಂದ ಭಾಗಿಸಿ, 1.0577 ಬರುತ್ತದೆ. ನೈಜ ಬೆಳವಣಿಗೆ ಸುಮಾರು ಶೇ 5.8. ಹತ್ತರಲ್ಲಿ ನಾಲ್ಕನ್ನು ಕಳೆದು ಆರು ಎಂದರೂ ಹತ್ತಿರವೇ, ಆದರೆ ಹಣದುಬ್ಬರ ಹೆಚ್ಚಿದಷ್ಟೂ ಕಳೆಯುವ ದಾರಿ ತಪ್ಪಿಸುತ್ತದೆ. ಭಾಗಿಸುವುದನ್ನೇ ರೂಢಿ ಮಾಡಿಕೊಳ್ಳಿ.

ಅಂಗಡಿ ಇಟ್ಟುಕೊಂಡವರು ಈ ಹೆಜ್ಜೆಯನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ. ನಿಮ್ಮ ಗಲ್ಲಾಪೆಟ್ಟಿಗೆಗೆ ಬರುವುದು ಚಾಲ್ತಿ ಬೆಲೆ. ಪತ್ರಿಕೆಯಲ್ಲಿ ಬರುವುದು ಸ್ಥಿರ ಬೆಲೆ. ಎರಡರ ನಡುವಿನ ಅಂತರ ಕಾಲಕಾಲಕ್ಕೆ ಬಹಳ ಬದಲಾಗುತ್ತದೆ. ಇಡೀ ಜಿಡಿಪಿಯನ್ನೇ ತೆಗೆದುಕೊಳ್ಳಿ: 2022ರ ಏಪ್ರಿಲ್–ಜೂನ್‌ನಲ್ಲಿ ಮೊದಲ ಅಂದಾಜಿನ ಪ್ರಕಾರ ಸ್ಥಿರ ಬೆಲೆಯ ಬೆಳವಣಿಗೆ ಶೇ 13.5, ಚಾಲ್ತಿ ಬೆಲೆಯದ್ದು ಶೇ 26.7. ಹೆಚ್ಚು ಕಡಿಮೆ ಎರಡು ಪಟ್ಟು. 2025ರ ಜುಲೈ–ಸೆಪ್ಟೆಂಬರ್‌ನಲ್ಲಿ ಅವು ಶೇ 8.2 ಮತ್ತು ಶೇ 8.7. ನೈಜ ಬೆಳವಣಿಗೆ ಚೆನ್ನಾಗಿದೆ ಎಂದು ಸುದ್ದಿ ಬಂದ ದಿನವೇ ಅಂಗಡಿಯವರು ವ್ಯಾಪಾರ ಮಂದವಾಗಿದೆ ಎಂದು ಕೊರಗುವುದುಂಟು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಬೆಲೆ ಏರದಿದ್ದಾಗ ಸರಕು ಹೆಚ್ಚು ಹೋದರೂ ರೂಪಾಯಿಯ ವಹಿವಾಟು ಹಿಂದಿನ ಬಿರುಸಿನಲ್ಲಿ ಬೆಳೆಯುವುದಿಲ್ಲ.

ಮೂಲವರ್ಷದ ಬಗ್ಗೆ ಒಂದು ಮಾತು. ಈ ಲೇಖನದಲ್ಲಿರುವ ಭಾರತದ ಜಿಡಿಪಿ ಮತ್ತು ಬಳಕೆ ವೆಚ್ಚದ ಅಂಕಿಗಳು ಬಹುತೇಕ 2011-12 ಅನ್ನು ಮೂಲವರ್ಷವಾಗಿ ಇಟ್ಟುಕೊಂಡ ಸರಣಿಯವು. 2026ರ ಫೆಬ್ರವರಿಯಿಂದ 2022-23ರ ಮೂಲವರ್ಷಕ್ಕೆ ಹೋಗುವುದಾಗಿ ಸಚಿವಾಲಯ ಪ್ರಕಟಿಸಿತ್ತು. ಹಳೆ ಸರಣಿಯ ಒಂದು ಅಂಕಿಯನ್ನೂ ಹೊಸ ಸರಣಿಯ ಒಂದು ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ. ಹಿಂದಿನ ಬಾರಿ, 2015ರ ಜನವರಿಯಲ್ಲಿ ಮೂಲವರ್ಷ ಬದಲಾದಾಗ, 2013-14ರ ಬೆಳವಣಿಗೆ ಶೇ 4.7ರಿಂದ ಶೇ 6.9ಕ್ಕೆ ಹಾರಿತ್ತು. ವರ್ಷ ಅದೇ, ದೇಶ ಅದೇ, ಅಳತೆಯ ಕ್ರಮ ಮಾತ್ರ ಬೇರೆ.

ಹೋಲಿಕೆ ಯಾವುದರೊಂದಿಗೆ?

ಭಾರತದಲ್ಲಿ ತ್ರೈಮಾಸಿಕ ಬೆಳವಣಿಗೆ ಎಂದರೆ ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದ ದರ. ಅಮೆರಿಕದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಹಾಗೆ ಮಾಡುವುದಿಲ್ಲ. ಅದು ಋತುಮಾನದ ಏರಿಳಿತವನ್ನು ತೆಗೆದು, ಹಿಂದಿನ ಮೂರು ತಿಂಗಳಿಗೇ ಹೋಲಿಸಿ, ಅದೇ ವೇಗ ಇಡೀ ವರ್ಷ ನಡೆದರೆ ಎಷ್ಟಾಗುತ್ತದೆ ಎಂದು ವಾರ್ಷಿಕ ದರವಾಗಿ ಹೇಳುತ್ತದೆ. ಒಂದು ತ್ರೈಮಾಸಿಕದಲ್ಲಿ ಶೇ 0.8 ಏರಿದರೆ ಅಲ್ಲಿನ ಶೀರ್ಷಿಕೆ ಶೇ 3.2 ಎನ್ನುತ್ತದೆ, ಏಕೆಂದರೆ 1.008 ಅನ್ನು ನಾಲ್ಕು ಸಲ ಗುಣಿಸಿದರೆ 1.032.

ಈ ವ್ಯತ್ಯಾಸ ಗೊತ್ತಿಲ್ಲದೆ 2020ರಲ್ಲಿ ಬಹಳ ತಪ್ಪು ಮಾತು ಹರಿದಾಡಿತು. ಆ ವರ್ಷದ ಏಪ್ರಿಲ್–ಜೂನ್‌ನಲ್ಲಿ ಅಮೆರಿಕದ ನೈಜ ಗ್ರಾಹಕ ವೆಚ್ಚ ಮೊದಲ ಅಂದಾಜಿನಲ್ಲಿ ಶೇ 34.6 ಕುಸಿಯಿತು, ಭಾರತದ್ದು ಶೇ 26.7. ನಮ್ಮದೇ ವಾಸಿ ಎಂದು ಹೇಳಿದವರು ಕಡಿಮೆಯಿಲ್ಲ. ಆದರೆ 34.6 ಎಂಬುದು ವಾರ್ಷಿಕ ದರ. ಅದನ್ನು ಬಿಡಿಸಿದರೆ, ಅಂದರೆ 0.654ರ ವರ್ಗಮೂಲವನ್ನು ಎರಡು ಸಲ ತೆಗೆದರೆ, 0.899 ಬರುತ್ತದೆ. ಅಲ್ಲಿ ಆ ಮೂರು ತಿಂಗಳಲ್ಲಿ ಖರ್ಚು ನಿಜವಾಗಿ ಇಳಿದದ್ದು ಸುಮಾರು ಶೇ 10. ಇಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಾಯವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ ನೆಂಟರು ಅಲ್ಲಿನ ಸಂಖ್ಯೆ ಕಳುಹಿಸಿದಾಗ ಇದು ಯಾವ ದರ ಎಂದು ಮೊದಲು ಕೇಳಿ, ಆಮೇಲೆ ಮಾತು ಮುಂದುವರಿಸಿ.

ಕೆಳಗಿರುವ ನೆಲವನ್ನು ನೋಡಿ

ನನ್ನ ಮಟ್ಟಿಗೆ ಇಡೀ ಓದಿನಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ಬೆಳವಣಿಗೆ ದರ ಎಷ್ಟು ಎತ್ತರಕ್ಕೆ ಹತ್ತಿದೆವು ಎಂದು ಹೇಳುವುದಿಲ್ಲ. ನಿಂತಲ್ಲಿಂದ ಎಷ್ಟು ಹತ್ತಿದೆವು ಎಂದಷ್ಟೇ ಹೇಳುತ್ತದೆ.

2021ರ ಏಪ್ರಿಲ್–ಜೂನ್‌ನಲ್ಲಿ ಬಳಕೆ ವೆಚ್ಚ ಶೇ 19.3 ಏರಿತು ಎಂದು ಮೊದಲ ಅಂದಾಜು ಹೇಳಿತು. ಕೋವಿಡ್ ಎರಡನೇ ಅಲೆಯಲ್ಲಿ ಮನೆಮನೆಯಲ್ಲೂ ಸಾವು ನೋವು ಕಂಡ ತಿಂಗಳುಗಳವು. ಅಂಥ ಹೊತ್ತಿನಲ್ಲಿ ಶೇ 19ರ ಏರಿಕೆ ಹೇಗೆ? 2019ರ ಅದೇ ತ್ರೈಮಾಸಿಕವನ್ನು 100 ಎಂದಿಟ್ಟುಕೊಳ್ಳಿ. 2020ರಲ್ಲಿ ಶೇ 26.7 ಇಳಿದು 73.3ಕ್ಕೆ ಬಂತು. ಅದರ ಮೇಲೆ ಶೇ 19.3 ಏರಿದರೆ ಸುಮಾರು 87. ಎರಡು ವರ್ಷ ಕಳೆದರೂ ಜನರ ಬಳಕೆ ಮೊದಲಿದ್ದ ಜಾಗಕ್ಕೆ ಮರಳಿರಲಿಲ್ಲ. ಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಭರ್ಜರಿ ಏರಿಕೆ.

ಇಷ್ಟು ದೊಡ್ಡ ಹೊಡೆತ ಇಲ್ಲದಾಗಲೂ ಇದೇ ಲೆಕ್ಕ ಕಣ್ಣು ತೆರೆಸುತ್ತದೆ. 2025ರ ಏಪ್ರಿಲ್–ಜೂನ್‌ನಲ್ಲಿ ಬಳಕೆ ಶೇ 7.0 ಬೆಳೆಯಿತು, ಜುಲೈ–ಸೆಪ್ಟೆಂಬರ್‌ನಲ್ಲಿ ಶೇ 7.9. ಬಳಕೆ ಚುರುಕಾಯಿತು ಎಂದು ಬರೆದರು. ಈಗ ಅವುಗಳ ಹಿಂದಿನ ವರ್ಷದ ದರಗಳನ್ನು ನೋಡಿ: ಮೊದಲನೆಯದಕ್ಕೆ ಶೇ 8.3, ಎರಡನೆಯದಕ್ಕೆ ಶೇ 6.4. ಎರಡು ವರ್ಷದ್ದನ್ನು ಒಟ್ಟಿಗೆ ಗುಣಿಸಿ. 1.070 × 1.083 = 1.159, ವರ್ಗಮೂಲ ತೆಗೆದರೆ ವರ್ಷಕ್ಕೆ ಸರಾಸರಿ ಶೇ 7.6. ಇನ್ನೊಂದು, 1.079 × 1.064 = 1.148, ಸರಾಸರಿ ಶೇ 7.1. ಎರಡು ವರ್ಷದ ಕಣ್ಣಿನಿಂದ ನೋಡಿದರೆ ನಿಧಾನವೆಂದು ಕಂಡ ತ್ರೈಮಾಸಿಕವೇ ಮುಂದಿದೆ. ಎರಡೂ ಒಳ್ಳೆಯ ಬೆಳವಣಿಗೆಯೇ, ಅದರಲ್ಲಿ ಅನುಮಾನ ಬೇಡ. ಆದರೆ ವೇಗ ಹೆಚ್ಚಿತು ಎಂಬ ಕಥೆಗೆ ಈ ಅಂಕಿಗಳಲ್ಲಿ ಗಟ್ಟಿ ಆಧಾರವಿಲ್ಲ.

ಆದ್ದರಿಂದ ಯಾವ ತ್ರೈಮಾಸಿಕದ ದರ ಓದಿದರೂ, ಅದರ ಪಕ್ಕದಲ್ಲಿ ಒಂದು ವರ್ಷ ಹಿಂದಿನ ದರವನ್ನು ಪೆನ್ನಿನಿಂದ ಬರೆದುಕೊಳ್ಳಿ. ಎರಡು ನಿಮಿಷದ ಕೆಲಸ.

ಪಂಚಾಂಗವನ್ನೂ ತೆಗೆಯಿರಿ

ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ ಹಬ್ಬ, ಹಂಗಾಮುಗಳ ಏರುಪೇರು ತಾನಾಗಿ ಕಳೆದುಹೋಗುತ್ತದೆ ಎಂಬ ನಂಬಿಕೆಯಿದೆ. ಪೂರ್ತಿ ಅಲ್ಲ. ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಚಾಂದ್ರಮಾನದವು, ತ್ರೈಮಾಸಿಕಗಳು ಇಂಗ್ಲಿಷ್ ಕ್ಯಾಲೆಂಡರಿನವು.

ದೀಪಾವಳಿ ಅಕ್ಟೋಬರ್‌ನಲ್ಲಿ ಬಂದರೂ ನವೆಂಬರ್‌ನಲ್ಲಿ ಬಂದರೂ ಒಂದೇ ತ್ರೈಮಾಸಿಕದೊಳಗೆ ಇರುತ್ತದೆ, ಹಾಗಾಗಿ ಅದರಿಂದ ತೊಂದರೆಯಿಲ್ಲ. ನವರಾತ್ರಿ ಹಾಗಲ್ಲ. 2024ರಲ್ಲಿ ಅದು ಅಕ್ಟೋಬರ್ 3ಕ್ಕೆ ಆರಂಭವಾಗಿ ಮೈಸೂರಿನ ಜಂಬೂಸವಾರಿ ಅಕ್ಟೋಬರ್ 12ಕ್ಕೆ ನಡೆಯಿತು. ಅಷ್ಟೂ ದಿನ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ. 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಆರಂಭವಾಯಿತು. ವಿಜಯದಶಮಿ ಅಕ್ಟೋಬರ್ 2. ಬಟ್ಟೆ, ಸಿಹಿ, ಪ್ರಯಾಣದ ಖರ್ಚಿನ ಒಂದು ಭಾಗ ಜುಲೈ–ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಸರಿಯಿತು. ಯುಗಾದಿಯೂ ಹೀಗೆಯೇ: 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಆರ್ಥಿಕ ವರ್ಷದ ಗಡಿಯನ್ನೇ ದಾಟುತ್ತದೆ.

ಅದೇ 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೂ ಇಳಿದವು. ದರ ಇಳಿಕೆಯ ಸುಳಿವು ಆಗಸ್ಟ್ 15ರಂದು ಕೆಂಪುಕೋಟೆಯ ಭಾಷಣದಲ್ಲೇ ಸಿಕ್ಕಿದ್ದರಿಂದ ಸಣ್ಣ ಕಾರು, ಎಸಿ, ದೊಡ್ಡ ಟಿವಿ ಕೊಳ್ಳಬೇಕೆಂದಿದ್ದ ಅನೇಕರು ಐದು ವಾರ ಕಾದರು. ಆ ತ್ರೈಮಾಸಿಕಕ್ಕೆ ಕಾಯುವಿಕೆಯ ಐದು ವಾರಗಳೂ ಹೊಸ ದರದ 9 ದಿನಗಳೂ ಸಿಕ್ಕಿದವು. ಹಬ್ಬ ಒಂದು ಕಡೆಗೆ ಎಳೆಯಿತು, ಕಾಯುವಿಕೆ ಇನ್ನೊಂದು ಕಡೆಗೆ. ಇಂಥ ಸಂದರ್ಭದಲ್ಲಿ ಒಂದೇ ತ್ರೈಮಾಸಿಕದಿಂದ ತೀರ್ಮಾನಕ್ಕೆ ಬರದೆ, ಎರಡು ತ್ರೈಮಾಸಿಕಗಳನ್ನು ಕೂಡಿಸಿ ನೋಡುವುದು ಒಳಿತು.

ಮೊದಲ ಅಂದಾಜು ಕೊನೆಯ ಮಾತಲ್ಲ

2023-24ರ ಇಡೀ ವರ್ಷದ ಬಳಕೆ ಬೆಳವಣಿಗೆಗೆ ಏನಾಯಿತೆಂದು ನೋಡಿ. 2024ರ ಜನವರಿಯಲ್ಲಿ ಬಂದ ಮೊದಲ ಮುಂಗಡ ಅಂದಾಜು ಶೇ 4.4. ಫೆಬ್ರವರಿಯಲ್ಲಿ ಅದು ಶೇ 3.0ಕ್ಕೆ ಇಳಿಯಿತು. ಮೇ ಕೊನೆಗೆ ಶೇ 4.0. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದಾಗ ಶೇ 5.6. ಶೇ 3.0 ಬಂದ ದಿನ ಬಳಕೆ ನೆಲಕಚ್ಚಿದೆ ಎಂದು ಬರೆದ ಸಂಪಾದಕೀಯಗಳು, ಶೇ 5.6 ಬಂದ ದಿನ ಅದನ್ನು ನೆನಪಿಸಿಕೊಳ್ಳಲಿಲ್ಲ.

ಇದರಲ್ಲಿ ಮೋಸ ಹುಡುಕುವ ಮೊದಲು ಅಂಕಿ ಹೇಗೆ ತಯಾರಾಗುತ್ತದೆ ಎಂದು ತಿಳಿಯಬೇಕು. ಮೂರು ತಿಂಗಳಿಗೊಮ್ಮೆ ಯಾರೂ ಮನೆಮನೆಗೆ ಬಂದು ಖರ್ಚು ಕೇಳುವುದಿಲ್ಲ. ದೇಶದಲ್ಲಿ ಎಷ್ಟು ಉತ್ಪಾದನೆಯಾಯಿತು, ಎಷ್ಟು ಆಮದಾಯಿತು ಎಂದು ಲೆಕ್ಕ ಹಾಕಿ, ಅದರಿಂದ ರಫ್ತು, ಕಾರ್ಖಾನೆಗಳು ಕಚ್ಚಾವಸ್ತುವಾಗಿ ಬಳಸಿದ್ದು, ಹೂಡಿಕೆಗೆ ಹೋದದ್ದು, ಸರ್ಕಾರ ಕೊಂಡದ್ದು ಎಲ್ಲವನ್ನೂ ಕಳೆಯುತ್ತಾರೆ. ಉಳಿದದ್ದು ಕುಟುಂಬಗಳಿಗೆ ಹೋಯಿತೆಂದು ಎಣಿಸುತ್ತಾರೆ. ಸರಕಿನ ಹರಿವಿನ ವಿಧಾನ ಎಂದು ಇದಕ್ಕೆ ಹೆಸರು. ಸಣ್ಣ ಉದ್ಯಮಗಳ, ಸೇವೆಗಳ ಪೂರ್ತಿ ಮಾಹಿತಿ ತಡವಾಗಿ ಕೈಸೇರುತ್ತದೆ; ಸೇರಿದಾಗ ಅಂಕಿ ಬದಲಾಗುತ್ತದೆ. ಕೋಷ್ಟಕದಲ್ಲಿ “ಡಿಸ್ಕ್ರಿಪೆನ್ಸೀಸ್” ಎಂಬ ಸಾಲೂ ಇದೆ. ಉತ್ಪಾದನೆಯ ಕಡೆಯಿಂದ ಮತ್ತು ಖರ್ಚಿನ ಕಡೆಯಿಂದ ಮಾಡಿದ ಲೆಕ್ಕಗಳು ತಾಳೆಯಾಗದ ಮೊತ್ತ ಅದು. ಆ ಸಾಲು ದೊಡ್ಡದಾಗಿ ಕಂಡರೆ ಉಳಿದ ಸಾಲುಗಳ ದಶಾಂಶ ಸ್ಥಾನಗಳಿಗೆ ಹೆಚ್ಚು ಬೆಲೆ ಕೊಡಬೇಡಿ.

ಯಾರ ಖರ್ಚು, ಯಾವ ಹಣದಿಂದ?

ಈ ಪ್ರಶ್ನೆಗೆ ತ್ರೈಮಾಸಿಕ ಅಂಕಿ ಉತ್ತರ ಕೊಡುವುದೇ ಇಲ್ಲ. ಹತ್ತು ಮನೆಗಳು ಕಾರು ಕೊಂಡು ಸಾವಿರ ಮನೆಗಳು ಹಾಲು ಕಡಿಮೆ ಮಾಡಿದರೂ ಒಟ್ಟು ಮೊತ್ತ ಏರಬಹುದು. ಅದಕ್ಕೆ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯನ್ನು ನೋಡಬೇಕು. 2023-24ರ ಸಮೀಕ್ಷೆಯಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಸರಾಸರಿಯ ಹಿಂದೆ ಇರುವುದು ಇದು: ಹಳ್ಳಿಗಳ ಅತಿ ಬಡ ಶೇ 5 ಜನರಲ್ಲಿ ತಲಾ 1,677 ರೂಪಾಯಿ, ನಗರಗಳ ಅತಿ ಸಿರಿವಂತ ಶೇ 5 ಜನರಲ್ಲಿ 20,310 ರೂಪಾಯಿ. ಬಳಕೆ ಶೇ 7.9 ಏರಿತು ಎಂದಾಗ ಈ ಎರಡು ತುದಿಗಳಲ್ಲಿ ಎಲ್ಲಿ ಏರಿತು ಎಂದು ಕೇಳುವುದು ಪ್ರತಿಯೊಬ್ಬ ಓದುಗನ ಹಕ್ಕು.

ಸಾಲದ ಹಣವೋ ಸಂಪಾದನೆಯೋ ಎಂಬುದೂ ಅಷ್ಟೇ ಮುಖ್ಯ. 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ (ಠೇವಣಿಯಂಥ ಉಳಿತಾಯದಲ್ಲಿ ಸಾಲವನ್ನು ಕಳೆದು ಉಳಿಯುವ ಮೊತ್ತ) ರಿಸರ್ವ್ ಬ್ಯಾಂಕಿನ ಮೊದಲ ಅಂದಾಜಿನಲ್ಲಿ ಜಿಡಿಪಿಯ ಶೇ 5.1ಕ್ಕೆ ಇಳಿದಿತ್ತು. ವೈಯಕ್ತಿಕ ಸಾಲಗಳ ಓಟ ಕಂಡು 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅಂಥ ಸಾಲಗಳಿಗೆ ಬ್ಯಾಂಕುಗಳು ತೆಗೆದಿಡಬೇಕಾದ ಬಂಡವಾಳವನ್ನು ಹೆಚ್ಚಿಸಿತು. ಬಳಕೆಯ ಏರಿಕೆಯ ಜೊತೆಗೆ ಉಳಿತಾಯ ಕುಗ್ಗುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ.

ತಾಳೆ ನೋಡಲು ಬೇರೆ ಸುಳಿವುಗಳಿವೆ. ಸಾಬೂನು, ಬಿಸ್ಕತ್ತು ಕಂಪನಿಗಳ ತ್ರೈಮಾಸಿಕ ವರದಿಯಲ್ಲಿ ರೂಪಾಯಿಯ ಬೆಳವಣಿಗೆಯನ್ನು ಬಿಟ್ಟು ಮಾರಾಟದ ಪ್ರಮಾಣದ ಬೆಳವಣಿಗೆಯನ್ನು ಓದಿ. ಹಳ್ಳಿಗಳ ಸ್ಥಿತಿಗೆ ದ್ವಿಚಕ್ರ ವಾಹನ ಮಾರಾಟ ಉತ್ತಮ ಸೂಚಕ. ರಿಸರ್ವ್ ಬ್ಯಾಂಕಿನ ಗ್ರಾಹಕ ವಿಶ್ವಾಸ ಸಮೀಕ್ಷೆಯಲ್ಲಿ ಬೆಂಗಳೂರಿನ ಕುಟುಂಬಗಳನ್ನೂ ಕೇಳುತ್ತಾರೆ. ಅಗತ್ಯ ಖರ್ಚು ಮತ್ತು ಅಗತ್ಯವಲ್ಲದ ಖರ್ಚನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ತ್ರೈಮಾಸಿಕ ಬಳಕೆ ವೆಚ್ಚದ ಅಧಿಕೃತ ಅಂಕಿ ಇಲ್ಲ. ಈ ಮೂರು ತಿಂಗಳಲ್ಲಿ ರಾಜ್ಯದ ಜನರ ಬಳಕೆ ಇಂತಿಷ್ಟು ಬೆಳೆಯಿತು ಎಂದು ವೇದಿಕೆಯಲ್ಲಿ ಯಾರಾದರೂ ಹೇಳಿದರೆ ಆಧಾರ ಕೇಳಿ.

ಜಿಡಿಪಿಗೆ ಇದು ಎಷ್ಟು ಸೇರಿಸಿತು?

ಸುಲಭದ ಗುಣಾಕಾರ. ಸ್ಥಿರ ಬೆಲೆಯಲ್ಲಿ ಬಳಕೆಯ ಪಾಲು ಕೋಷ್ಟಕದಲ್ಲೇ ಇರುತ್ತದೆ. ಅದು ಶೇ 56 ಎಂದಿಟ್ಟುಕೊಂಡರೆ 0.56 × 7.9 = 4.4. ಅಂದರೆ 8.2ರ ಬೆಳವಣಿಗೆಯಲ್ಲಿ ಸುಮಾರು 4.4 ಅಂಶ ಮನೆಗಳ ಖರ್ಚಿನಿಂದ ಬಂತು. ಪಾಲನ್ನು ತೆಗೆದುಕೊಳ್ಳುವಾಗ ಒಂದು ವರ್ಷ ಹಿಂದಿನ ತ್ರೈಮಾಸಿಕದ್ದನ್ನು ಬಳಸಿದರೆ ಲೆಕ್ಕ ನಿಖರವಾಗುತ್ತದೆ. ತಲಾ ಬೆಳವಣಿಗೆ ಬೇಕಾದರೆ ಜನಸಂಖ್ಯೆಯ ಏರಿಕೆಯನ್ನು, ಅಂದರೆ ವರ್ಷಕ್ಕೆ ಶೇ 1ರ ಹತ್ತಿರದ ಸಂಖ್ಯೆಯನ್ನು, ಕಳೆಯಿರಿ, 7.9 ಸುಮಾರು 7 ಆಗುತ್ತದೆ.

ಮುಂದಿನ ಪ್ರಕಟಣೆಯ ದಿನ ಒಂದು ನೋಟ್‌ಪುಸ್ತಕದಲ್ಲಿ ಆರು ಕಾಲಂಗಳ ಗೆರೆ ಎಳೆದಿಡಿ: ತ್ರೈಮಾಸಿಕ, ಸ್ಥಿರ ಬೆಲೆಯ ದರ, ಚಾಲ್ತಿ ಬೆಲೆಯ ದರ, ಹಿಂದಿನ ವರ್ಷದ ದರ, ಎರಡು ವರ್ಷದ ಸರಾಸರಿ, ಮತ್ತು ಹಬ್ಬ, ತೆರಿಗೆ, ಮಳೆಯಂಥ ವಿಶೇಷಗಳಿಗೆ ಒಂದು. ಪಕ್ಕದ ಅಂಚನ್ನು ಖಾಲಿ ಬಿಡಿ, ಪರಿಷ್ಕೃತ ಅಂಕಿ ಬಂದಾಗ ಅಲ್ಲಿ ಬರೆಯಬೇಕು. ಹಳೆಯದನ್ನು ಅಳಿಸಬೇಡಿ.